ಹಳೆ ಜೀಪ್ ಪಿಕಪ್‌ನ ಬ್ರೇಕ್ ಮತ್ತು ಮುಂದಿನ ಸ್ಟೀರಿಂಗ್: ಬಿಚ್ಚುವುದರಿಂದ ರಸ್ತೆಗಿಳಿಸುವವರೆಗೆ

ಬೆಂಗಳೂರಿನ ಶೆಡ್‌ಗಳಲ್ಲಿ ಧೂಳು ಹಿಡಿದು ನಿಂತ ಹಳೆ ಪಿಕಪ್‌ಗಳಲ್ಲಿ ಮಹೀಂದ್ರ–ವಿಲ್ಲೀಸ್ ವಂಶದವಕ್ಕೆ ಬಿಡಿಭಾಗ ಹುಡುಕುವುದು ಸುಲಭ. ಈ ಬರಹ ಅವುಗಳ ಬಗ್ಗೆ: ಒಂದೇ ಸರ್ಕ್ಯೂಟ್‌ನ ಹೈಡ್ರಾಲಿಕ್ ಡ್ರಮ್ ಬ್ರೇಕ್, ಗುಂಡು ಮುಚ್ಚಿದ ನಕಲ್ (ಚಕ್ರವನ್ನು ಎಡಬಲ ತಿರುಗಿಸುವ ಕೀಲಿನ ಗೂಡು) ಇರುವ ಫೋರ್‌ವೀಲ್ ಮುಂದಿನ ಆಕ್ಸಲ್, ಚಾಸಿಯ ಮುಂದಿನ ಅಡ್ಡಪಟ್ಟಿಯ ಮೇಲೆ ಕೂತ ಬೆಲ್‌ಕ್ರ್ಯಾಂಕ್ (ಬಾಕ್ಸ್‌ನ ಎಳೆತವನ್ನು ಎರಡೂ ಚಕ್ರಕ್ಕೆ ಹಂಚುವ ಸನ್ನೆ), ರಾಸ್ ಮಾದರಿಯ ಸ್ಟೀರಿಂಗ್ ಬಾಕ್ಸ್. ಇಲ್ಲಿರುವ ಅಳತೆಗಳು 9 ಇಂಚಿನ ಡ್ರಮ್ ಇರುವ ಗಾಡಿಯವು. ನಿಮ್ಮದು 10 ಅಥವಾ 11 ಇಂಚಿನದ್ದಾದರೆ ಕೆಲಸದ ಕ್ರಮ ಇದೇ, ಅಂಕಿಗಳನ್ನು ಮಾತ್ರ ಆ ಗಾಡಿಯ ಮ್ಯಾನ್ಯುಯಲ್‌ನಿಂದ ತೆಗೆದುಕೊಳ್ಳಿ.

ಬ್ರೇಕ್ ಒಂದು ಸಲ, ಸ್ಟೀರಿಂಗ್ ಇನ್ನೊಂದು ಸಲ ಎಂದು ಬೇರೆಬೇರೆ ಮಾಡಿದರೆ ದುಡ್ಡು ದಂಡ. ಮುಂದಿನ ಚಕ್ರದ ಹಬ್ (ಚಕ್ರ ಕೂರುವ ನಡುಭಾಗ) ಬಿಚ್ಚದೆ ನಕಲ್‌ಗೆ ಕೈ ಹೋಗುವುದಿಲ್ಲ. ಅಲ್ಲಿನ ಸೀಲ್‌ಗಳು ಸರಿಯಿಲ್ಲದಿದ್ದರೆ ಒಳಗಿನ ಎಣ್ಣೆ ಬ್ರೇಕ್ ಶೂಗಳ ಹೊಸ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಮೇಲೆ ಬಂದು ಕೂರುತ್ತದೆ, ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ಎಷ್ಟು ತೊಳೆದರೂ ಅದು ಮತ್ತೆ ಹಿಡಿಯುವುದಿಲ್ಲ. ಹಾಗಾಗಿ ಕ್ರಮ ಹೀಗೆ: ಮೊದಲು ಸೀಲ್ ಮತ್ತು ಬೇರಿಂಗ್, ಆಮೇಲೆ ಬ್ರೇಕ್, ಕೊನೆಗೆ ಸ್ಟೀರಿಂಗ್ ಹೊಂದಿಸುವುದು.

ಬಿಚ್ಚುವ ಮುಂಚೆ ನೋಡಬೇಕಾದ್ದು

ಗಾಡಿ ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಆಚೆಈಚೆ ಚಿಕ್ಕದಾಗಿ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಬಾಕ್ಸ್‌ನಿಂದ ಚಕ್ರದವರೆಗೆ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಲಿ. ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬಂದ ತೋಳು) ತಿರುಗಿದರೂ ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಬೆಲ್‌ಕ್ರ್ಯಾಂಕ್‌ಗೆ ಹೋಗುವ ಸರಳು) ಜಗ್ಗುತ್ತಿಲ್ಲವೇ? ಲಿಂಕ್ ಜಗ್ಗಿದರೂ ಬೆಲ್‌ಕ್ರ್ಯಾಂಕ್ ಮೇಲಕ್ಕೆ ವಾಲಿ ಸುಮ್ಮನಾಗುತ್ತಿದೆಯೇ? ಹತ್ತಿರದಿಂದ ನೋಡಿದರೆ ಬೆಲ್‌ಕ್ರ್ಯಾಂಕ್‌ನ ಬುಡದಲ್ಲಿ ಒಣ ಗ್ರೀಸಿನ ನಡುವೆ ತುಕ್ಕಿನ ಕೆಂಪು ಪುಡಿ ಉದುರಿರುತ್ತದೆ. ಶಾಫ್ಟ್ ತಿಂದಿದೆ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಸ್ಟೀರಿಂಗ್ ಸಡಿಲವೆಂದು ಎಲ್ಲರೂ ಮೊದಲು ಕೈ ಹಾಕುವುದು ಬಾಕ್ಸ್‌ಗೆ, ಆದರೆ ಈ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಬೆಲ್‌ಕ್ರ್ಯಾಂಕ್.

ಈಗ ಮುಂದಿನ ಚಕ್ರ ಎತ್ತಿ. ಒಂದು ಎಚ್ಚರಿಕೆ: ಈ ಜೀಪ್‌ಗಳ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳಲ್ಲಿಲ್ಲ, ಟ್ರಾನ್ಸ್‌ಫರ್ ಕೇಸ್‌ನ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲಿದೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಡಿಫರೆನ್ಶಿಯಲ್ ಮೂಲಕ ಆ ಚಕ್ರ ಉಲ್ಟಾ ತಿರುಗಿ ಗಾಡಿ ಜಾರಿಬಿಡಬಹುದು. ಹ್ಯಾಂಡ್‌ಬ್ರೇಕ್ ನಂಬಬೇಡಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಡಿ, ಚಾಸಿ ಅಥವಾ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕ್ ಎತ್ತುವುದಕ್ಕಷ್ಟೇ. ಹಾಲೋ ಬ್ಲಾಕ್ ಇಟ್ಟು ಕೆಳಗೆ ತೂರುವುದಂತೂ ಬೇಡವೇ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ ಆಟ) ಇದ್ದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ತುಳಿದಾಗ ಪ್ಲೇ ಮಾಯವಾದರೆ ತಪ್ಪು ವೀಲ್ ಬೇರಿಂಗ್‌ನದು, ತುಳಿದರೂ ಉಳಿದರೆ ಕಿಂಗ್‌ಪಿನ್ (ನಕಲ್ ಎಡಬಲ ತಿರುಗುವ ಗೂಟ) ಬೇರಿಂಗ್‌ನದು. ಶೂಗಳು ಡ್ರಮ್ಮನ್ನು ನಕಲ್‌ಗೆ ಬಿಗಿದು ಹಿಡಿಯುವುದರಿಂದ ನಡುವಿನ ವೀಲ್ ಬೇರಿಂಗ್ ಸಡಿಲ ತೋರುವುದಿಲ್ಲ.

ಸಾಮಾನು

ಬಿಚ್ಚಿ ಅಳೆಯುವ ಮುಂಚೆ ಪೇಟೆಗೆ ಹೋಗಬೇಡಿ. ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಬಿಡಿಭಾಗದ ಅಂಗಡಿಗಳಲ್ಲಿ ‘ಜೀಪ್ ವೀಲ್ ಸಿಲಿಂಡರ್’ (ಚಕ್ರದಲ್ಲಿ ಶೂ ತಳ್ಳುವುದು) ಎಂದರೆ ಎದುರಿಗೆ ನಾಲ್ಕು ತರಹದ್ದು ಇಡುತ್ತಾರೆ. ಹಳೆಯದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ. 9 ಇಂಚಿನ ವ್ಯವಸ್ಥೆಯಲ್ಲಿ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರ್‌ನ ಬೋರ್ (ಒಳವ್ಯಾಸ) 1 ಇಂಚು, ಮುಂದಿನ ವೀಲ್ ಸಿಲಿಂಡರ್ 1 ಇಂಚು, ಹಿಂದಿನದು ಮುಕ್ಕಾಲು ಇಂಚು. ಮುಂದಿನದನ್ನು ಹಿಂದೆ ಹಾಕಿದರೆ ಖಾಲಿ ಪಿಕಪ್‌ನ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಮಳೆಯಲ್ಲಿ ಬಾಲ ತಿರುಗಿಸುತ್ತದೆ.

ಬೇರಿಂಗ್‌ಗಳನ್ನು ನಂಬರಿನ ಮೇಲೆ ಕೇಳಿ. ಹಬ್‌ಗೆ ಟೇಪರ್ ರೋಲರ್ ಕೋನ್ (ರೋಲರ್ ಇರುವ ಒಳಭಾಗ) 18590, ಕಪ್ (ಹೊರ ಬಳೆ) 18520, ಒಂದು ಚಕ್ರಕ್ಕೆ ಎರಡು ಜೊತೆ. ಕಿಂಗ್‌ಪಿನ್‌ಗೆ ಕೋನ್ 11590, ಕಪ್ 11520, ಒಂದು ನಕಲ್‌ಗೆ ಎರಡು ಜೊತೆ. ಜೀಪಿನದೇ ಡಬ್ಬಿ ಬೇಕೆಂದಿಲ್ಲ, ಯಾವ ಬೇರಿಂಗ್ ಅಂಗಡಿಯವರೂ ನಂಬರ್ ನೋಡಿ ಕೊಡುತ್ತಾರೆ. ಕೋನ್ ಹೊಸದು ಹಾಕಿ ಕಪ್ ಹಳೆಯದೇ ಬಿಡುವುದು ತಪ್ಪು ಉಳಿತಾಯ.

ಇವುಗಳ ಜೊತೆಗೆ: ಆಕ್ಸಲ್ ಟ್ಯೂಬಿನ ಒಳ ಸೀಲ್, ನಕಲ್‌ನ ಫೆಲ್ಟ್ ಸೀಲ್ ಸೆಟ್, ಹಬ್ ಸೀಲ್ (ಎಲ್ಲವೂ ಎರಡೆರಡು), ಕಿಂಗ್‌ಪಿನ್ ಶಿಮ್ (ಸಂದು ಹೊಂದಿಸುವ ತೆಳು ತಗಡು) ಸೆಟ್, ಬೆಲ್‌ಕ್ರ್ಯಾಂಕ್ ಕಿಟ್, ಟೈರಾಡ್ (ಬೆಲ್‌ಕ್ರ್ಯಾಂಕ್‌ನಿಂದ ಚಕ್ರಕ್ಕೆ ಹೋಗುವ ಸರಳು) ಎಂಡ್‌ಗಳು, ಡ್ರ್ಯಾಗ್ ಲಿಂಕ್‌ನ ಸೀಟ್ ಮತ್ತು ಸ್ಪ್ರಿಂಗ್, ಗಾಡಿಯಲ್ಲಿರುವ ಅಷ್ಟೂ ಬ್ರೇಕ್ ಹೋಸ್, ಶೂ ರಿಟರ್ನ್ ಸ್ಪ್ರಿಂಗ್, ಒಂದು ಲೀಟರ್ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್, ಕೈ ತುಂಬ ಕಾಟರ್ ಪಿನ್. ಹಬ್ ನಟ್‌ಗೆ 2 1/16 ಇಂಚಿನ ಬಾಕ್ಸ್ ಸ್ಪ್ಯಾನರ್ ಬೇಕು, ಎಸ್.ಜೆ.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಕೇಳಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೂ ಆ ನಟ್ ಬಿಚ್ಚುತ್ತದೆ ನಿಜ, ಆದರೆ ಮತ್ತೆ ಸರಿಯಾಗಿ ಬಿಗಿಯಲು ಆಗುವುದಿಲ್ಲ.

ಹಬ್ ಮತ್ತು ನಕಲ್

ಚಕ್ರದ ನಟ್ ಬಿಚ್ಚುವಾಗ ಎಡಗಡೆಯವು ಉಲ್ಟಾ ಥ್ರೆಡ್ ಇರಬಹುದು. ಹಳೆ ಜೀಪ್‌ಗಳಲ್ಲಿ ಹಾಗೇ ಇತ್ತು, ಬೋಲ್ಟಿನ ತುದಿಯಲ್ಲಿ ಇಂಗ್ಲಿಷ್‌ನ ‘ಎಲ್’ ಗುರುತು ಹುಡುಕಿ. ನೋಡದೆ ಪೈಪ್ ಹಾಕಿ ಎಗರಿದರೆ ಬೋಲ್ಟ್ ಮುರಿದು ಕೈಗೆ ಬರುತ್ತದೆ.

ಹಬ್ ಟೋಪಿ, ಸ್ನ್ಯಾಪ್ ರಿಂಗ್, ಆರು ಬೋಲ್ಟಿನ ಡ್ರೈವ್ ಫ್ಲ್ಯಾಂಜ್, ಅದರ ಹಿಂದಿನ ಶಿಮ್‌ಗಳು, ಹೊರ ನಟ್ (ಲಾಕ್ ವಾಷರ್‌ನ ಮಡಚಿದ ಅಂಚು ಬಿಡಿಸಿ), ಲಾಕ್ ವಾಷರ್, ಒಳ ನಟ್ ಈ ಸಾಲಿನಲ್ಲಿ ತೆಗೆಯಿರಿ. ಡ್ರಮ್ ಬರದೆ ಮೊಂಡಾಟ ಮಾಡಿದರೆ ಬ್ಯಾಕ್‌ಪ್ಲೇಟ್ (ಶೂ ಕೂರುವ ತಗಡು) ಹಿಂದಿನ ಅಡ್ಜಸ್ಟರ್‌ಗಳನ್ನು ಸಡಿಲಿಸಿ ಶೂ ಒಳಗೆಳೆಯಿರಿ; ಡ್ರಮ್ಮಿನ ಒಳಅಂಚಿನಲ್ಲಿ ಎದ್ದ ದಡ ಶೂಗೆ ಸಿಕ್ಕಿಕೊಂಡಿರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಡ್ರಮ್ ಹಬ್‌ಗೇ ಅಂಟಿಕೊಂಡು ಒಟ್ಟಿಗೆ ಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಬ್ಯಾಕ್‌ಪ್ಲೇಟ್ ಮತ್ತು ಸ್ಪಿಂಡಲ್ (ಹಬ್ ತಿರುಗುವ ಟೊಳ್ಳು ಗೂಟ) ಒಂದೇ ಬೋಲ್ಟ್‌ಗಳಲ್ಲಿ ಹಿಡಿದಿರುತ್ತವೆ. ಅವನ್ನು ತೆಗೆದು ಆಕ್ಸಲ್ ಶಾಫ್ಟ್ ಹೊರಗೆಳೆಯಿರಿ. ಶಾಫ್ಟ್‌ನ ಜಾಯಿಂಟ್ (ಚಕ್ರ ತಿರುಗಿದರೂ ಓಟ ಕೊಡುವ ಕೀಲು) ಬೆಂಡಿಕ್ಸ್ ಮಾದರಿಯದಾದರೆ ಎರಡೂ ತುದಿ ಹಿಡಿದು ನೇರವಾಗಿ ಎಳೆಯಿರಿ, ಇಲ್ಲದಿದ್ದರೆ ಒಳಗಿನ ಗುಂಡುಗಳು ಉದುರುತ್ತವೆ.

ಕಿಂಗ್‌ಪಿನ್‌ನ ಮೇಲಿನ, ಕೆಳಗಿನ ಮುಚ್ಚಳ ತೆಗೆಯುವಾಗ ಅವುಗಳ ಕೆಳಗಿನ ಶಿಮ್‌ಗಳನ್ನು ಬೇರೆಬೇರೆ ತಂತಿಗೆ ಪೋಣಿಸಿ ‘ಎಡ ಮೇಲೆ’, ‘ಎಡ ಕೆಳಗೆ’ ಎಂದು ಚೀಟಿ ಕಟ್ಟಿ. ಈಗ ಕಪ್‌ನೊಳಗೆ ಉಗುರು ಆಡಿಸಿ ನೋಡಿ. ಈ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ, ವರ್ಷಾನುಗಟ್ಟಲೆ ಅದೇ ಚಿಕ್ಕ ಕೋನದಲ್ಲಿ ಆಚೆಈಚೆ ಆಡುತ್ತದೆ. ಆದ್ದರಿಂದ ನೇರ ಹೋಗುವ ಜಾಗದಲ್ಲಿ ರೋಲರ್‌ಗಳು ಸಾಲಾಗಿ ಗೆರೆ ಒತ್ತಿರುತ್ತವೆ. ಸ್ಟೀರಿಂಗ್ ನಡುವಿನಲ್ಲಿ ಕಚ್ಚಿಕೊಂಡು, ಸ್ವಲ್ಪ ಒತ್ತಿದರೆ ಟಕ್ಕನೆ ಬಿಡುವ ಗಾಡಿಗಳಲ್ಲಿ ಕಾರಣ ಹೆಚ್ಚಾಗಿ ಇದೇ.

ಹೊಸ ಕಪ್ ಕೂರಿಸಿ, ಬೇರಿಂಗ್‌ಗೆ ಗ್ರೀಸ್ ತುಂಬಿ, ನಕಲ್ ಹಾಕಿ. ಶಿಮ್ ಲೆಕ್ಕ ಮೇಲೆ ಕೆಳಗೆ ಸಮವಾಗಿರಬೇಕು, ಇಲ್ಲದಿದ್ದರೆ ಜಾಯಿಂಟ್‌ನ ಮಧ್ಯಭಾಗ ನಕಲ್‌ನ ಮಧ್ಯಕ್ಕೆ ಬರುವುದಿಲ್ಲ. ಶಿಮ್ 0.003, 0.005, 0.010, 0.030 ಇಂಚಿನ ದಪ್ಪದಲ್ಲಿ ಬರುತ್ತದೆ. ಶಿಮ್ ತೆಗೆದಷ್ಟೂ ಬಿಗಿ. ಫೆಲ್ಟ್ ಸೀಲ್ ಮತ್ತು ಆಕ್ಸಲ್ ಶಾಫ್ಟ್ ಹಾಕುವ ಮುಂಚೆಯೇ ಬಿಗಿ ಪರೀಕ್ಷಿಸಿ, ಸೀಲ್‌ನ ಉಜ್ಜಾಟ ಸೇರಿದರೆ ಲೆಕ್ಕ ತಪ್ಪುತ್ತದೆ. ಟೈರಾಡ್ ರಂಧ್ರಕ್ಕೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ಮ್ಯಾನ್ಯುಯಲ್‌ನ ಅಂಕಿಗೆ ತನ್ನಿ. ಕೈಗೆ ಅದು ಹೇಗಿರಬೇಕೆಂದರೆ, ನಕಲ್ ತನ್ನ ಭಾರಕ್ಕೇ ತಿರುಗಿಬೀಳಬಾರದು, ಒಂದೇ ಸಮನಾದ ತಡೆಯಿಂದ ತಿರುಗಬೇಕು, ಮೇಲೆಕೆಳಗೆ ಎಳ್ಳಷ್ಟೂ ಆಡಬಾರದು. ಇಲ್ಲಿ ಸಡಿಲ ಬಿಟ್ಟರೆ ಗುಂಡಿ ಹಾರಿದ ಮೇಲೆ ಚಕ್ರಗಳು ಹುಚ್ಚು ಹಿಡಿದಂತೆ ವಾಬ್ಲಿಂಗ್ ಶುರುಮಾಡುತ್ತವೆ. ಸ್ಟೀರಿಂಗ್ ಡ್ಯಾಂಪರ್ ಹಾಕಿ ಅದನ್ನು ಮುಚ್ಚಿಹಾಕುವುದು ರೋಗ ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ.

ಸೀಲ್ ಮೂರು ಕಡೆ ಇದೆ ಎಂಬುದು ಮರೆಯದಿರಲಿ. ಆಕ್ಸಲ್ ಟ್ಯೂಬಿನ ತುದಿಯದು ಹೋದರೆ ಡಿಫರೆನ್ಶಿಯಲ್ ಎಣ್ಣೆ ನಕಲ್‌ಗೆ ಬರುತ್ತದೆ, ನಕಲ್‌ನ ಫೆಲ್ಟ್ ಹೋದರೆ ಹೊರಕ್ಕೆ ಸೋರುತ್ತದೆ, ಹಬ್ ಸೀಲ್ ಹೋದರೆ ನೇರ ಲೈನರ್‌ಗೇ. ಫೆಲ್ಟ್ ಕೂರುವ ಗುಂಡಿನ ಮೈಯನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ನುಣುಪು ಮಾಡಿ. ತುಕ್ಕಿನ ಗುಳಿ ಆಳವಾಗಿದ್ದರೆ ಮೆಟಲ್ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮಟ್ಟ ಮಾಡಿ. ಗುಳಿಯ ಮೇಲೆ ಹಾಕಿದ ಹೊಸ ಫೆಲ್ಟ್ ಒಂದು ಮಳೆಗಾಲವೂ ಬಾಳುವುದಿಲ್ಲ. ಒಳಗೆ 90ರ ಗೇರ್ ಆಯಿಲ್ ಅಥವಾ ಹರಿಯುವಷ್ಟು ತೆಳುವಾದ ಗ್ರೀಸ್ ಹಾಕಿ. ಗಟ್ಟಿ ವೀಲ್ ಗ್ರೀಸ್ ತುಂಬಿದರೆ ಸೋರಿಕೆ ನಿಲ್ಲುತ್ತದೆ, ಆದರೆ ಅದು ಗೋಡೆಗೆ ಅಂಟಿ ಕೂತು ಜಾಯಿಂಟ್ ಒಣಗುತ್ತದೆ.

ಹಬ್ ಮತ್ತೆ ಹಾಕಿ, ಚಕ್ರ ತಿರುಗಿಸುತ್ತಾ ಒಳ ನಟ್ ಬಿಗಿಯಿರಿ. ಚಕ್ರ ಹಿಡಿದುಕೊಂಡ ಹಾಗಾದಾಗ ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಡಿ. ಲಾಕ್ ವಾಷರ್, ಹೊರ ನಟ್ ಹಾಕಿ ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ, ಹೊರ ನಟ್ ಬಿಗಿದಾಗ ಒಳಗಿನದೂ ಸ್ವಲ್ಪ ಬಿಗಿಯಾಗುತ್ತದೆ.

ಬ್ರೇಕ್

ಡ್ರಮ್ಮನ್ನು ಲೇತ್‌ಗೆ ಕೊಡುವ ಮುಂಚೆ ಒಳವ್ಯಾಸ ಅಳೆಯಿರಿ. ಮೂಲ ಅಳತೆಗಿಂತ 0.060 ಇಂಚು, ಅಂದರೆ ಸುಮಾರು 1.5 ಮಿ.ಮೀ. ದೊಡ್ಡದಾದರೆ ಅದು ಗುಜರಿಗೆ. ತೆಳು ಡ್ರಮ್ ಬಿಸಿಯಾದಾಗ ಹಿಗ್ಗಿ ಪೆಡಲ್ ಕೆಳಗಿಳಿಯುತ್ತದೆ. ಒಂದೇ ಆಕ್ಸಲ್‌ನ ಎರಡೂ ಡ್ರಮ್ ಒಂದೇ ಅಳತೆಗೆ ಟರ್ನಿಂಗ್ ಆಗಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ರಿವೆಟ್ ಲೈನರ್ ಹಾಕಿಸಿದರೆ ರಿವೆಟ್ ತಲೆ ಲೈನರ್‌ನ ಆಳದಲ್ಲಿ ಮುಳುಗಿದೆಯೇ, ಲೈನರ್ ಮತ್ತು ಶೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರದಷ್ಟು ಬಿಗಿಯಿದೆಯೇ ಎಂದು ಅಂಗಡಿಯಲ್ಲೇ ನೋಡಿ. ಟರ್ನಿಂಗ್ ಆದ ಡ್ರಮ್ ಜೊತೆಗೇ ಒಯ್ದು ಶೂಗಳನ್ನು ಆ ವ್ಯಾಸಕ್ಕೆ ಗ್ರೈಂಡ್ ಮಾಡಿಸಿ. ಹಾಗೆ ಮಾಡದಿದ್ದರೆ ಲೈನರ್‌ನ ನಡುಭಾಗವಷ್ಟೇ ತಾಗುತ್ತದೆ.

ಒಂದೇ ಚಕ್ರದ ಎರಡು ಶೂಗಳಲ್ಲಿ ಒಂದರ ಲೈನರ್ ಉದ್ದ, ಇನ್ನೊಂದರದು ಗಿಡ್ಡ ಇದ್ದರೆ ಉದ್ದದ್ದು ಗಾಡಿಯ ಮುಂದಿನ ಕಡೆಗೆ. ಗಾಡಿ ಮುಂದಕ್ಕೆ ಹೋಗುವಾಗ ಡ್ರಮ್ ಎಳೆದುಕೊಳ್ಳುವುದು ಮುಂದಿನ ಶೂವನ್ನು, ಹೆಚ್ಚು ಕೆಲಸ ಅದರದೇ.

ವೀಲ್ ಸಿಲಿಂಡರ್ ಬೋರಿನಲ್ಲಿ ಕಲೆ ಇದ್ದರೆ ಹೋನ್ ಮಾಡಬಹುದು (ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು), ಉಗುರಿಗೆ ತಾಗುವ ಗುಳಿ ಇದ್ದರೆ ಹೊಸದು ಹಾಕಿ ಅಥವಾ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ. ಪೀಣ್ಯದ ಸಣ್ಣ ಮಷೀನ್ ಶಾಪ್‌ಗಳಿಗೆ ಇದು ದೊಡ್ಡ ಕೆಲಸವಲ್ಲ. ತೊಳೆಯುವುದು ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲ್‌ನಲ್ಲಿ ಮಾತ್ರ. ಡೀಸೆಲ್, ಪೆಟ್ರೋಲ್, ಎಂಜಿನ್ ಆಯಿಲ್ ಒಂದು ಹನಿ ಉಳಿದರೂ ರಬ್ಬರ್ ಊದಿಕೊಳ್ಳುತ್ತದೆ.

ಹೋಸ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಹಳೆ ಹೋಸ್‌ನ ಒಳಪದರ ಊದಿ ಮುಚ್ಚಿಕೊಂಡರೆ ತುಳಿದಾಗ ಎಣ್ಣೆ ಒಳಗೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಮೆಕ್ಯಾನಿಕ್ ಶೂ ಸ್ಪ್ರಿಂಗ್ ಬದಲಿಸುತ್ತಲೇ ಇರುತ್ತಾನೆ. ಪೈಪ್‌ಗೆ ಉಕ್ಕು ಅಥವಾ ಕ್ಯುಪ್ರೊ-ನಿಕಲ್ ಬಳಸಿ, ತುದಿಗೆ ಡಬಲ್ ಫ್ಲೇರ್ ಮಾಡಿಸಿ. ಫ್ರಿಜ್ ರಿಪೇರಿಯ ತಾಮ್ರದ ಪೈಪ್ ಬಗ್ಗಿಸಲು ಸುಲಭವೇ, ಆದರೆ ಅಲುಗಾಟಕ್ಕೆ ಗಡಸಾಗಿ ಸೀಳುತ್ತದೆ. ಒಂದೇ ಸರ್ಕ್ಯೂಟ್‌ನ ಗಾಡಿಯಲ್ಲಿ ಎಲ್ಲಿ ಒಂದು ಕಡೆ ಸೀಳಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಓಡಿಸುವ ಗಾಡಿಯಾದರೆ ಡಬಲ್ ಸರ್ಕ್ಯೂಟ್‌ನ 1 ಇಂಚಿನ ಮಾಸ್ಟರ್ ಸಿಲಿಂಡರ್‌ಗೆ ಬದಲಾಯಿಸುವುದು ಜಾಣತನ. ಆದರೆ ಡ್ರಮ್ ಬ್ರೇಕಿನದನ್ನೇ ಆರಿಸಿ. ಡಿಸ್ಕ್ ಗಾಡಿಯದರಲ್ಲಿ ಪೈಪಿನಲ್ಲಿ ಅಲ್ಪ ಒತ್ತಡ ಉಳಿಸುವ ವಾಲ್ವ್ ಇರುವುದಿಲ್ಲ, ಅದಿಲ್ಲದೆ ವೀಲ್ ಸಿಲಿಂಡರ್‌ನ ರಬ್ಬರ್ ಕಪ್ ಸಡಿಲಾಗಿ ಗಾಳಿ ಎಳೆದುಕೊಳ್ಳುತ್ತದೆ.

ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯ ತಗಡಿನ ಕೆಳಗಿದೆ. ಪೆಡಲ್‌ನ ಫ್ರೀ ಪ್ಲೇ ಅರ್ಧ ಇಂಚು ಇರಲೇಬೇಕು. ಪೆಡಲ್‌ನಿಂದ ಪಿಸ್ಟನ್ ತಳ್ಳುವ ಪುಶ್‌ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ, ಎಣ್ಣೆ ಟ್ಯಾಂಕಿಗೆ ಮರಳುವ ಸೂಜಿಮೊನೆಯಷ್ಟು ರಂಧ್ರ ಮುಚ್ಚಿರುತ್ತದೆ. ಆಗ ಬಿಸಿಯಾಗಿ ಹಿಗ್ಗಿದ ಎಣ್ಣೆಗೆ ದಾರಿಯಿಲ್ಲ. ಮೈಸೂರು ರಸ್ತೆಯಲ್ಲಿ ಐದಾರು ಸಿಗ್ನಲ್ ದಾಟುವಷ್ಟರಲ್ಲಿ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಪರೀಕ್ಷೆ ಸುಲಭ: ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುತ್ತಾ ಪೆಡಲನ್ನು ಕೈಯಿಂದ ಸ್ವಲ್ಪ ಒತ್ತಿಸಿ. ಮೊದಲ ಒತ್ತಿಗೆ ಎಣ್ಣೆಯ ಮೇಲೆ ಪುಟ್ಟ ಬುಗ್ಗೆ ಚಿಮ್ಮಿದರೆ ರಂಧ್ರ ತೆರೆದಿದೆ. ಮುಚ್ಚಳದ ಗಾಳಿರಂಧ್ರವೂ ಬಣ್ಣದಿಂದ ಮುಚ್ಚಿರಬಾರದು.

ಶೂ ಹೊಂದಿಸುವಾಗ ಕೆಳಗಿನ ಆಂಕರ್ ಪಿನ್‌ಗಳು ಮೊದಲು, ಮೇಲಿನ ಅಡ್ಜಸ್ಟರ್ ನಂತರ. ಡ್ರಮ್ ಮತ್ತು ಲೈನರ್ ನಡುವೆ ಕೆಳತುದಿಯಲ್ಲಿ 0.005 ಇಂಚು, ಮೇಲ್ತುದಿಯಲ್ಲಿ 0.008 ಇಂಚು ಸಂದು ಇರಲಿ. ಆಂಕರ್ ಪಿನ್ ಮುಟ್ಟುವುದು ಹೊಸ ಲೈನರ್ ಹಾಕಿದಾಗ ಮಾತ್ರ, ಆಮೇಲಿನ ಸವೆತಕ್ಕೆ ಮೇಲಿನ ಅಡ್ಜಸ್ಟರ್ ಸಾಕು.

ಏರ್ ತೆಗೆಯುವುದು ಪೈಪ್ ಉದ್ದವಿರುವ ಚಕ್ರದಿಂದ. ಬಲಗಡೆ ಸ್ಟೀರಿಂಗ್‌ನ ಗಾಡಿಯಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಬ್ಲೀಡರ್‌ಗೆ (ಗಾಳಿ ಬಿಡುವ ತಿರುಪು) ಪಾರದರ್ಶಕ ಟ್ಯೂಬ್ ಹಾಕಿ ತುದಿಯನ್ನು ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ‘ತುಳಿ’, ‘ಹಿಡಿದಿರು’, ‘ಬಿಡು’ ಎಂದು ಕೂಗಿ ಹೇಳಿ. ಬ್ಲೀಡರ್ ಮುಚ್ಚುವ ಮುಂಚೆ ಒಳಗಿನವರು ಕಾಲು ತೆಗೆದರೆ ಗಾಳಿ ವಾಪಸ್. ಬಂದ ಎಣ್ಣೆಯನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ. ಡಾಟ್ 5 ಎಂಬ ಸಿಲಿಕೋನ್ ಆಯಿಲನ್ನು ಡಾಟ್ 3, 4ರ ಜೊತೆ ಬೆರೆಸಬಾರದು. ಡಾಟ್ 4 ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲಿನ ಮಟ್ಟ 155. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಸ್ಟೀರಿಂಗ್

ಬೆಲ್‌ಕ್ರ್ಯಾಂಕ್ ಬಿಚ್ಚಿ ಶಾಫ್ಟ್ ಮತ್ತು ನೀಡಲ್ ಬೇರಿಂಗ್ ಎರಡನ್ನೂ ಬದಲಿಸಿ, ಒಂದನ್ನೇ ಬದಲಿಸಿದರೆ ಇನ್ನೊಂದು ಅದನ್ನು ತಿನ್ನುತ್ತದೆ. ಶಾಫ್ಟ್ ಕೂರುವ ಬ್ರ್ಯಾಕೆಟ್ಟಿನ ರಂಧ್ರ ಮೊಟ್ಟೆಯಾಕಾರ ಆಗಿದ್ದರೆ ಹೊಸ ಕಿಟ್ ವ್ಯರ್ಥ. ವೆಲ್ಡ್ ತುಂಬಿ ಬೋರ್ ಮಾಡಿಸಿ ಅಥವಾ ಬುಷ್ ಹಾಕಿಸಿ. ನಿಪ್ಪಲ್‌ನಿಂದ ಗ್ರೀಸ್ ಹೊಡೆದಾಗ ಮೇಲೂ ಕೆಳಗೂ ಹೊರಬರಬೇಕು.

ಡ್ರ್ಯಾಗ್ ಲಿಂಕ್‌ನ ತುದಿಯ ಪ್ಲಗ್ಗನ್ನು ಗುಂಡಿಗೆ ತಾಗುವವರೆಗೆ ಪೂರ್ತಿ ಬಿಗಿದು, ಬೆಲ್‌ಕ್ರ್ಯಾಂಕ್ ಕಡೆ ಅರ್ಧ ಸುತ್ತು, ಪಿಟ್‌ಮನ್ ಆರ್ಮ್ ಕಡೆ ಒಂದು ಸುತ್ತು ಹಿಂದಕ್ಕೆ ತಂದು ಕಾಟರ್ ಪಿನ್ ಹಾಕಿ. ಪೂರ್ತಿ ಬಿಗಿಯಾಗಿ ಬಿಟ್ಟರೆ ಸ್ಪ್ರಿಂಗಿಗೆ ಕೆಲಸವಿಲ್ಲ, ಗುಂಡಿನ ಕುತ್ತಿಗೆ ಮುರಿಯುವ ಅಪಾಯವೂ ಇದೆ.

ಬಾಕ್ಸ್ ಹೊಂದಿಸುವಾಗ ಡ್ರ್ಯಾಗ್ ಲಿಂಕ್ ಕಳಚಿರಲಿ. ಮೊದಲು ಕ್ಯಾಮ್‌ನ (ಸ್ಟೀರಿಂಗ್ ಕೊಳವೆಯ ತುದಿಯ ಸುರುಳಿ) ಬೇರಿಂಗ್: ಮೇಲಿನ ಕವರ್ ಕೆಳಗಿನ ಶಿಮ್ ಕಡಿಮೆ ಮಾಡುತ್ತಾ ಸ್ಟೀರಿಂಗ್ ಕೊಳವೆಯ ಮೇಲೆಕೆಳಗಿನ ಆಟ ನಿಲ್ಲಿಸಿ. ನಂತರ ಪಕ್ಕದ ಕವರ್‌ನ ಸ್ಕ್ರೂ: ಸ್ಟೀರಿಂಗ್ ನಟ್ಟನಡುವೆ ಇದ್ದಾಗ ಕೈಗೆ ತುಸುವೇ ತಡೆ ಸಿಗುವಷ್ಟು ಬಿಗಿದು ಲಾಕ್ ನಟ್ ಹಾಕಿ. ಕ್ಯಾಮ್ ನಡುವೆ ಬಿಗಿ, ಕೊನೆಗಳಲ್ಲಿ ಸಡಿಲ ಇರುವಂತೆಯೇ ಮಾಡಿದ್ದಾರೆ. ನಡುವೆ ಸರಿಮಾಡಿದರೆ ಕೊನೆಯಲ್ಲಿ ಕಚ್ಚುತ್ತದೆ ಎಂದರೆ ಕ್ಯಾಮ್‌ನ ನಡುಭಾಗ ಸವೆದಿದೆ, ಸ್ಕ್ರೂ ತಿರುಗಿಸಿ ಅದನ್ನು ಗೆಲ್ಲಲಾಗದು. ಬಾಕ್ಸ್ ತೆಗೆದು, ಕ್ಯಾಮ್‌ನ ಸುರುಳಿಯಲ್ಲಿ ಓಡುವ ಲಿವರ್‌ನ ಮೊಳೆಗಳ ತುದಿ ಚಪ್ಪಟೆಯಾಗಿದೆಯೇ ನೋಡಿ, ಕ್ಯಾಮ್ ಮತ್ತು ಲಿವರ್ ಶಾಫ್ಟ್ ಜೊತೆಯಾಗಿ ಬದಲಿಸಿ. ಹೊಸ ಬುಷ್ ಒತ್ತಿದ ಮೇಲೆ ರೀಮರ್ ಆಡಿಸದೆ ಶಾಫ್ಟ್ ಸುತ್ತಿಗೆಯಲ್ಲಿ ಹೊಡೆದು ತೂರಿಸುವವರಿದ್ದಾರೆ, ಅಂಥವರಿಗೆ ಗಾಡಿ ಕೊಡಬೇಡಿ.

ಮುಂದಿನ ಲೀಫ್ ಸ್ಪ್ರಿಂಗಿನ ಶ್ಯಾಕಲ್, ಪಿನ್‌ಗಳೂ ಗಟ್ಟಿಯಿರಲಿ. ಆಮೇಲೆ ಅಲೈನ್‌ಮೆಂಟ್. ಟೋ-ಇನ್ (ಎರಡು ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 3/64ರಿಂದ 3/32 ಇಂಚು, ಅಂದರೆ 1.2ರಿಂದ 2.4 ಮಿ.ಮೀ. ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿದ ಕೋನ) 3 ಡಿಗ್ರಿ, ಕಡಿಮೆ ಇದ್ದರೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆ ತಗಡು. ಕ್ಯಾಂಬರ್ (ಚಕ್ರದ ಮೇಲ್ತುದಿ ಹೊರಕ್ಕೆ ವಾಲಿದ ಕೋನ) ಒಂದೂವರೆ ಡಿಗ್ರಿ, ಅದು ಆಕ್ಸಲ್‌ನಲ್ಲೇ ಬಂದದ್ದು. ಬೇರೆ ತೋರಿಸಿದರೆ ಆಕ್ಸಲ್ ಬಗ್ಗಿದೆ ಅಥವಾ ಕಿಂಗ್‌ಪಿನ್ ಸಡಿಲ. ಟೈರಾಡ್ ತಿರುಗಿಸುವಾಗ ಬೆಲ್‌ಕ್ರ್ಯಾಂಕ್ ನಡುವಿನಲ್ಲಿ ನಿಂತಿರಬೇಕು. ಎರಡು ಟೈರಾಡ್ ಇರುವುದರಿಂದ ಒಂದನ್ನೇ ಎಳೆದರೆ ಟೋ ಸರಿ ಬಂದರೂ ಗಾಡಿ ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ ತಿರುಗುತ್ತದೆ. ಪೂರ್ತಿ ತಿರುಗಿಸಿದಾಗ ಟಯರ್ ಸ್ಪ್ರಿಂಗಿಗೆ ತಾಗದಂತೆ ಸ್ಟಾಪ್ ಬೋಲ್ಟ್ ಇಡಿ.

ರಸ್ತೆಗೆ

ಎಂಜಿನ್ ಚಾಲೂ ಮಾಡುವ ಮುಂಚೆ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ತುಳಿದು ಹಿಡಿಯಿರಿ. ಮೆಲ್ಲಗೆ ಇಳಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಕಪ್ ಎಣ್ಣೆ ಬಿಡುತ್ತಿದೆ. ಮೊದಲ ಓಡಾಟ ಬೆಳಗಿನ ಜಾವ, ಖಾಲಿ ಲೇಔಟ್ ರಸ್ತೆಯಲ್ಲಿ, 20 ಕಿ.ಮೀ. ವೇಗದಲ್ಲಿ. ಬ್ರೇಕ್ ಎಳೆಯುವ ಕಡೆ ನೋಡಿಕೊಳ್ಳಿ: ಬಲಕ್ಕೆ ಎಳೆದರೆ ಎಡ ಚಕ್ರ ಹಿಡಿಯುತ್ತಿಲ್ಲ ಎಂದೂ ಇರಬಹುದು, ಲೈನರ್ ಮೇಲೆ ಎಣ್ಣೆ ಬಂತೇ ಎಂದು ಅಲ್ಲೇ ನೋಡಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಡ್ರಮ್‌ಗಳ ಹತ್ತಿರ ಕೈ ಒಯ್ದು ಶಾಖ ಹೋಲಿಸಿ. ಎಡಬಲ ಒಂದೇ ತರಹ ಇರಬೇಕು. ಹೊಸ ಲೈನರ್ ಡ್ರಮ್ಮಿಗೆ ಕೂರಲು ಹಗುರವಾಗಿ, ನಡುನಡುವೆ ಆರಲು ಬಿಟ್ಟು, ಹತ್ತಾರು ಸಲ ನಿಲ್ಲಿಸಿ. ಅದಾಗುವ ಮುಂಚೆ ನಂದಿ ಬೆಟ್ಟದ ಕಡೆ ತಲೆ ಹಾಕಬೇಡಿ. ಹೋದಾಗಲೂ ಇಳಿಯುವುದು ಸೆಕೆಂಡ್ ಗೇರಿನಲ್ಲಿ, ಡ್ರಮ್ ಬ್ರೇಕ್ ಸತತ ಒತ್ತಿದರೆ ಬಿಸಿಗೆ ಹಿಡಿತ ಬಿಡುತ್ತದೆ.

ಕೆಲವು ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್, ಕಿಂಗ್‌ಪಿನ್ ಮುಚ್ಚಳದ ಬೋಲ್ಟ್, ಹಬ್ ಬೇರಿಂಗ್ ಮತ್ತೆ ನೋಡಿ, ಮೇಲಿನ ಅಡ್ಜಸ್ಟರ್ ಒಂದಿಷ್ಟು ಬಿಗಿಯಿರಿ, ಟೋ-ಇನ್ ಇನ್ನೊಮ್ಮೆ ಅಳೆಯಿರಿ.